ರಿಮ್ಮಿನೊಳಗಿನ ಗಾಯಕ್ಕೆ ಸಾಕ್ಷಿ ಯಾರು?

ಟೈರ್ ಏರಿಸುವಾಗ ಆಗುವ ಗಾಯ ಹೊರಗೆ ಕಾಣುವುದಿಲ್ಲ. ರಿಮ್ಮಿಗೆ ಒತ್ತಿ ಕೂರುವ ಒಳ ಅಂಚನ್ನು ಕಸುಬಿನವರು ಬೀಡ್ ಎನ್ನುತ್ತಾರೆ. ಲಿವರ್ ತಗುಲಿ ಅಲ್ಲಿನ ರಬ್ಬರ್ ಹರಿದಿರುತ್ತದೆ, ಇಲ್ಲವೇ ಒಳಗಿನ ಉಕ್ಕಿನ ತಂತಿ ಸೊಟ್ಟಗಾಗಿರುತ್ತದೆ. ಗಾಳಿ ತುಂಬಿದ ಕೂಡಲೇ ರಿಮ್ಮಿನ ತುಟಿ ಅದನ್ನೆಲ್ಲ ಮುಚ್ಚಿಬಿಡುತ್ತದೆ. ಗಾಳಿ ಇಳಿಯಲು ಶುರುವಾಗುವುದು ಎಷ್ಟೋ ದಿನ ಕಳೆದ ಮೇಲೆ. ಅಷ್ಟರಲ್ಲಿ ಗಾಡಿ ಗುಂಡಿಗೆ ಬಿದ್ದು ಎದ್ದಿರುತ್ತದೆ, ಹಂಪು ಹತ್ತಿ ಇಳಿದಿರುತ್ತದೆ. ಗಿರಾಕಿ ಅಂಗಡಿಯವನನ್ನು ದೂರುತ್ತಾನೆ, ಅಂಗಡಿಯವನು ರಸ್ತೆಯನ್ನು ದೂರುತ್ತಾನೆ, ಟೈರ್ ಕಂಪನಿ ಇಬ್ಬರತ್ತಲೂ ಬೊಟ್ಟು ಮಾಡುತ್ತದೆ. ಇಂಥ ಜಗಳಗಳಿಗೆ ಅಂಗಡಿಯವರ ಮೋಸವೇ ಕಾರಣ ಎನ್ನುವುದು ರೂಢಿಯ ಮಾತು. ಟೈರಿನ ಚರಿತ್ರೆ ನೋಡಿದರೆ ಕಾರಣ ಬೇರೆಯೇ ಇದೆ. ಗಿರಾಕಿಯ ಕಣ್ಣೆದುರೇ ನಡೆಯುತ್ತಿದ್ದ ಒಂದು ಪರೀಕ್ಷೆ ಈ ಕಸುಬಿನಲ್ಲಿತ್ತು. ಟೈರಿನ ರಚನೆ ಬದಲಾದಾಗ ಅದು ಹೋಯಿತು, ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ.

ಗಾಳಿ ಟೈರು ಹುಟ್ಟಿದಂದಿನಿಂದಲೂ ಅದರ ದೊಡ್ಡ ತೊಡಕು ಬಿಚ್ಚಿ ಹಾಕುವುದೇ. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ ಮಾಡಿದ ಸೈಕಲ್ ಟೈರನ್ನು ರಿಮ್ಮಿಗೆ ಅಂಟಿಸಬೇಕಿತ್ತು. ಮರುವರ್ಷ ಫ್ರಾನ್ಸಿನ ಕ್ಲೆರ್ಮೊಂ-ಫೆರಾನಿನಲ್ಲಿ ಮಿಶೆಲಿನ್ ಸಹೋದರರ ರಬ್ಬರ್ ಕಾರ್ಖಾನೆಗೆ ಅಂಥದೊಂದು ಸೈಕಲ್ ರಿಪೇರಿಗೆ ಬಂತು. ಟೈರು ಬಿಚ್ಚಿ ಸರಿಮಾಡಲು ಮೂರು ಗಂಟೆಗೂ ಹೆಚ್ಚು ಹಿಡಿಯಿತು, ಅಂಟು ಒಣಗಲು ಒಂದು ರಾತ್ರಿ ಬೇಕಾಯಿತು. ಮರುದಿನ ಅಂಗಳದಲ್ಲಿ ಓಡಿಸಿದರೆ ಕೆಲವೇ ನೂರು ಮೀಟರಿಗೆ ಟೈರು ಮತ್ತೆ ಕೈಕೊಟ್ಟಿತು. ಅವರು ಬಿಚ್ಚಿ ಹಾಕಬಹುದಾದ ಟೈರಿನ ಹಿಂದೆ ಬಿದ್ದದ್ದು ಇದರಿಂದಲೇ. 1891ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಇಂದಿಗೂ ನಾವು ಬಳಸುವ ಉಪಾಯ ಮಾತ್ರ 1890ರಲ್ಲಿ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಕಂಡದ್ದು. ಟೈರಿನ ಅಂಚಿನಲ್ಲಿ ಹಿಗ್ಗದ ತಂತಿಯ ಬಳೆ, ರಿಮ್ಮಿನ ನಡುವೆ ಒಂದು ತಗ್ಗು. ಒಂದು ಬದಿಯ ಅಂಚನ್ನು ಆ ತಗ್ಗಿಗೆ ಇಳಿಸಿದರೆ ಎದುರು ಬದಿಯಲ್ಲಿ ಸಡಿಲ ಸಿಗುತ್ತದೆ, ಆಗ ಅಂಚು ರಿಮ್ಮಿನ ತುಟಿ ದಾಟುತ್ತದೆ. ಇಳಿಸುವುದನ್ನು ಮರೆತು ಲಿವರಿನ ಮೇಲೆ ಮೈಭಾರ ಹಾಕಿದರೆ, ಹಿಗ್ಗದ ತಂತಿಯನ್ನು ಹಿಗ್ಗಿಸಲು ಹೊರಟಂತೆ. ಟೈರ್ ಏರಿಸುವಾಗ ಬೀಡು ಕೆಡುವ ಬಹುತೇಕ ಪ್ರಕರಣಗಳಿಗೆ ಮೂಲ ಇದೇ. ಕಾರುಗಳ ಮೊದಲ ಕಾಲದಲ್ಲಂತೂ ಚಕ್ರ ಗಾಡಿಯಲ್ಲೇ ಇರುವಾಗ ದಾರಿಬದಿಯಲ್ಲಿ ಈ ಕೆಲಸ ಮಾಡಬೇಕಿತ್ತು. ಅದನ್ನು ತಪ್ಪಿಸಲೆಂದೇ ವೇಲ್ಸಿನ ಲಾನೆಲ್ಲಿ ಊರಿನ ಡೇವೀಸ್ ಸಹೋದರರು 1904ರ ಹೊತ್ತಿಗೆ ಸ್ಟೆಪ್ನಿ ಚಕ್ರವನ್ನು ಮಾರಾಟಕ್ಕಿಟ್ಟರು. ಅರೆಕಾಲುಗಳಿಲ್ಲದ ರಿಮ್ಮಿಗೆ ಮೊದಲೇ ಟೈರ್ ಏರಿಸಿ ಗಾಳಿ ತುಂಬಿಟ್ಟಿದ್ದು, ಪಂಕ್ಚರಾದ ಚಕ್ರಕ್ಕೆ ಅದನ್ನು ಬಿಗಿದು ಮನೆ ಸೇರುವುದು.

ನಮ್ಮಲ್ಲಿ 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಡನ್‌ಲಪ್ ಕಾರ್ಖಾನೆ ಬಂತು. ಮುಂದೆ ಮೈಸೂರಿನಲ್ಲಿ ರಾಜ್ಯ ಸರ್ಕಾರದ ಆಸಕ್ತಿಯಿಂದ ವಿಕ್ರಾಂತ್ ಟೈರ್ಸ್ ಎದ್ದಿತು. ಲಾರಿ, ಬಸ್ಸುಗಳು ಹೆಚ್ಚಿದಂತೆ ಹೆದ್ದಾರಿಯ ಪಕ್ಕದಲ್ಲಿ ಹಳೇ ಟೈರು ನೇತುಹಾಕಿದ ಪಂಕ್ಚರ್ ಅಂಗಡಿಗಳು ಹೆಚ್ಚಿದವು. ಎರಡು ಲಿವರ್, ಒಂದು ಸುತ್ತಿಗೆ, ಸೊಲ್ಯೂಷನ್ ಡಬ್ಬಿ, ಪ್ಯಾಚು, ಅರ್ಧಕ್ಕೆ ಕೊಯ್ದ ಡ್ರಮ್ಮಿನಲ್ಲಿ ನೀರು. ಈ ಡ್ರಮ್ಮಿನ ನೀರನ್ನು ನಾನು ಕಸುಬಿನ ನ್ಯಾಯಪೀಠವೆಂದೇ ತಿಳಿಯುತ್ತೇನೆ. ಟ್ಯೂಬನ್ನು ಗಿರಾಕಿಯ ಮುಂದೆ ಮುಳುಗಿಸುತ್ತಿದ್ದರು, ಗುಳ್ಳೆ ಎಲ್ಲಿ ಎದ್ದಿತೋ ಅಲ್ಲಿ ತೂತು. ಮೊಳೆ ಚುಚ್ಚಿದ ತೂತಿನ ಆಕಾರವೇ ಬೇರೆ, ಲಿವರ್ ಕಚ್ಚಿದ ತೂತೇ ಬೇರೆ. ಅದರ ಜಾಗವೂ ಬೇರೆ, ರಿಮ್ಮಿನ ಕಡೆಗೆ. ಏರಿಸುವಾಗ ತನ್ನ ಕೈಯಿಂದಲೇ ಟ್ಯೂಬು ಕಚ್ಚಿತೆಂದರೆ ಗಾಳಿ ತುಂಬಿದ ಹೊತ್ತಿನಲ್ಲೇ ಗೊತ್ತಾಗಿಬಿಡುತ್ತಿತ್ತು, ಮರುಮಾತಿಲ್ಲದೆ ಬಿಚ್ಚಿ ಪ್ಯಾಚು ಹಾಕಬೇಕಿತ್ತು. ಬೀಡಿನ ಅಂಚು ತುಸು ತರಚಿದರೂ ಗಾಳಿ ಹಿಡಿಯುವ ಹೊಣೆ ಟ್ಯೂಬಿನದಾದ್ದರಿಂದ ಗಾಡಿ ಓಡುತ್ತಿತ್ತು. ಒರಟು ಕೈಯನ್ನೂ ಆ ಟೈರು ಸಹಿಸಿಕೊಂಡಿತು.

ಟ್ಯೂಬ್‌ಲೆಸ್ ಟೈರು ಈ ಸಹನೆಯನ್ನು ಕಿತ್ತುಹಾಕಿತು. ಬಿ.ಎಫ್. ಗುಡ್‌ರಿಚ್ ಕಂಪನಿಯ ಫ್ರ್ಯಾಂಕ್ ಹೆರ್ಜೆಗ್ ಅವರ ಆವಿಷ್ಕಾರಕ್ಕೆ ಅಮೆರಿಕದಲ್ಲಿ 1952ರಲ್ಲಿ ಪೇಟೆಂಟ್ ಸಿಕ್ಕಿತು. 1955ರ ಹೊತ್ತಿಗೆ ಅಲ್ಲಿನ ಹೊಸ ಕಾರುಗಳಲ್ಲಿ ಅದೇ ಸಾಮಾನ್ಯವಾಯಿತು. ಭಾರತದ ಕಾರು, ಬೈಕುಗಳಲ್ಲಿ ಅದು ಹರಡಲು ಇನ್ನೂ ದಶಕಗಳೇ ಬೇಕಾದವು. ಇಲ್ಲಿ ಗಾಳಿ ಹಿಡಿಯುವುದು ಟೈರಿನ ಒಳಪದರ ಮತ್ತು ರಿಮ್ಮಿಗೆ ಒತ್ತಿದ ಬೀಡು. ಯಾವ ಜಾಗಕ್ಕೆ ಲಿವರ್ ತಾಗುತ್ತಿತ್ತೋ ಅದೇ ಈಗ ಟೈರಿನ ಜೀವ. ದೊಡ್ಡ ಅಂಗಡಿಗಳಿಗೆ ಮಷಿನ್ ಬಂತು, ಆದರೆ ಬಹಳ ಕಡೆ ಹಳೇ ಲಿವರ್, ಹಳೇ ಕೈಪಳಗುವಿಕೆಯೇ ಉಳಿಯಿತು. ಬೀಡು ಕೂರದಿದ್ದರೆ ಸವರು ದ್ರವ ಹಚ್ಚಿ ಮತ್ತೆ ಪ್ರಯತ್ನಿಸಬೇಕು, ಕಾರಿನ ಟೈರಾದರೆ ಕೂರಿಸುವಾಗ 40 ಪಿಎಸ್‌ಐ ಮೀರಬಾರದು ಎಂದು ತಯಾರಕರು ಹೇಳುತ್ತಾರೆ. ಅವಸರದಲ್ಲಿ ಇನ್ನಷ್ಟು ಗಾಳಿ ಹೊಡೆದು ಟಪ್ಪೆನಿಸುವುದೇ ಸುಲಭವಾಗಿ ಕಾಣುತ್ತದೆ. ರಿಮ್ಮಿನ ಅಂಚಿಗೆ ಸೋಪಿನ ನೀರು ಹಾಕಿದರೆ ಸೋರಿಕೆ ತಿಳಿಯುವುದಿಲ್ಲವೇ ಎಂದು ಕೇಳಬಹುದು. ತಿಳಿಯುತ್ತದೆ; ಆದರೆ ಅರ್ಧ ಹರಿದ ಬೀಡು ಅವತ್ತೇ ಸೋರಬೇಕೆಂದಿಲ್ಲ, ಸೋರಿದಾಗಲೂ ಗುಳ್ಳೆ ಯಾರ ಕೈ ತಪ್ಪಿತೆಂದು ಹೇಳದು.

ಎಲ್ಲ ತಪ್ಪೂ ಅಂಗಡಿಯದೇ ಎನ್ನುವವರಿಗೆ 1998ರಲ್ಲಿ ಅಮೆರಿಕದ ಟೆಕ್ಸಾಸ್ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಮೊಕದ್ದಮೆ ಉತ್ತರವಾದೀತು. 16 ಇಂಚಿನ ಟೈರನ್ನು ಮೆಕ್ಯಾನಿಕ್ ಒಬ್ಬರು 16.5 ಇಂಚಿನ ರಿಮ್ಮಿಗೆ ಏರಿಸಿದ್ದರು. ಅರ್ಧ ಇಂಚಿನ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ. ಗಾಳಿ ತುಂಬುವಾಗ ಬೀಡಿನ ತಂತಿ ತುಂಡಾಗಿ ಟೈರ್ ಸಿಡಿಯಿತು, ಅವರಿಗೆ ತೀವ್ರ ಗಾಯಗಳಾದವು. ಹಾಗೆ ಮಾಡಬೇಡಿ ಎಂದು ಟೈರಿನ ಮೇಲೆ ಎಚ್ಚರಿಕೆಯ ಚೀಟಿ ಇತ್ತು. ಆದರೂ, ಹೆಚ್ಚು ಸುರಕ್ಷಿತವಾದ ಬೀಡಿನ ರಚನೆ ಸಾಧ್ಯವಿದ್ದಾಗ ಚೀಟಿಯೊಂದರಿಂದಲೇ ತಯಾರಕರ ಹೊಣೆ ಕಳಚದು ಎಂದು ಕೋರ್ಟು ಹೇಳಿತು. ಏರಿಸುವವನ ಕೈ ತಪ್ಪುವುದು ಮೊದಲೇ ಗೊತ್ತಿರುವ ಸಂಗತಿ, ಟೈರ್ ಮಾಡುವವರು ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು ಎಂಬ ಈ ನಿಲುವು ನನಗೆ ಸರಿಯೆನಿಸುತ್ತದೆ.

ಕಾನೂನು ಈ ಬಗೆಯ ಜಗಳವನ್ನು ಟೈರಿಗಿಂತ ಮೊದಲೇ ಬಲ್ಲದು. ಲಾಳ ಹೊಡೆಯುವಾಗ ಮೊಳೆ ಆಳಕ್ಕಿಳಿಸಿ ಕುದುರೆಯನ್ನು ಕುಂಟು ಮಾಡಿದ ಲಾಳಗಾರನ ಮೇಲೆ ಇಂಗ್ಲೆಂಡಿನಲ್ಲಿ 14ನೇ ಶತಮಾನದಲ್ಲೇ ದಾವೆಗಳಿದ್ದವು. 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಂ, ಇನ್ನೊಬ್ಬರ ವಸ್ತು ಕೈಗೆ ಬಂದಾಗ ವಿವೇಕವುಳ್ಳ ಸಾಮಾನ್ಯ ಮನುಷ್ಯ ತನ್ನದನ್ನು ನೋಡಿಕೊಳ್ಳುವಷ್ಟೇ ಜೋಪಾನ ಮಾಡಬೇಕೆನ್ನುತ್ತದೆ. ಅದೇ ವರ್ಷದ ಸಾಕ್ಷ್ಯ ಕಾಯ್ದೆಯ 106ನೇ ಕಲಂ, ಒಬ್ಬನಿಗೆ ಮಾತ್ರ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ರುಜುವಾತು ಮಾಡುವ ಭಾರ ಅವನದೇ ಎಂದಿತು. ಟೈರು ಬಿಚ್ಚಿ ಹಾಕಿದಾಗ ಬೀಡು ಹೇಗಿತ್ತೆಂದು ಬಲ್ಲವನು ಬಿಚ್ಚಿದವನೇ. ಇಷ್ಟು ದೂರ ಬಂದ ಕಾನೂನು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಕಂದಕ ಬಿಟ್ಟಿತು. ವಸ್ತುವಿನಲ್ಲಿ ದೋಷವಿದೆಯೆಂದರೆ ಅದನ್ನು ಪ್ರಯೋಗಾಲಯಕ್ಕೆ ಕಳಿಸುವ ವಿಧಾನವನ್ನು ಅದು ಬಿಡಿಸಿ ಹೇಳಿತ್ತು. ಸೇವೆಯಲ್ಲಿ ಲೋಪವೆಂದರೆ ಎರಡೂ ಕಡೆಯವರು ತಂದ ಸಾಕ್ಷ್ಯವೇ ಆಧಾರವಾಗಿತ್ತು. 2019ರ ಹೊಸ ಕಾಯ್ದೆಯಲ್ಲೂ ಹೆಚ್ಚುಕಡಿಮೆ ಇದೇ ಏರ್ಪಾಡು. ಬೀಡಿನ ಗಾಯ ವಸ್ತುವಿನ ದೋಷವೋ ಸೇವೆಯ ಲೋಪವೋ ಎಂಬುದೇ ಅಲ್ಲಿ ವ್ಯಾಜ್ಯ.

ಗಾಳಿಯಿಲ್ಲದ ಟೈರಿನಲ್ಲೇ ಗಾಡಿ ಓಡಿಸಿ ಅಂಗಡಿಯ ಮೇಲೆ ಹಾಕುವ ಗಿರಾಕಿಗಳೂ ಇದ್ದಾರೆ ಎಂಬ ಆಕ್ಷೇಪ ನಿಜ. ಆದರೆ ಹಾಗೆ ಓಡಿದ ಟೈರು ತನ್ನ ಗುರುತು ಬಿಡುತ್ತದೆ: ಒಳಗೆ ಉದುರಿದ ರಬ್ಬರಿನ ಪುಡಿ, ಪಕ್ಕದ ಗೋಡೆಯ ಸುತ್ತಲೂ ಉಜ್ಜಿ ಕಪ್ಪಾದ ಪಟ್ಟಿ. ಲಿವರಿನ ಗಾಯ ಬೀಡಿನ ಒಂದೆರಡು ಕಡೆ ಮಾತ್ರ ಇರುತ್ತದೆ. ಬಡ ಅಂಗಡಿಯವನ ಮೇಲೆ ರುಜುವಾತಿನ ಭಾರ ಹೊರಿಸುವುದು ಕ್ರೂರವಲ್ಲವೇ ಎಂಬುದು ಇದಕ್ಕಿಂತ ಗಟ್ಟಿಯಾದ ಪ್ರಶ್ನೆ. ಬಿಚ್ಚಿದ ತಕ್ಷಣ ಗಿರಾಕಿಯನ್ನು ಕರೆದು ಬೀಡನ್ನು ತೋರಿಸಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದು, ಏರಿಸುವ ಮುಂಚೆ ಇನ್ನೊಂದು ತೆಗೆದರೆ ಆ ಭಾರ ಇಳಿಯುತ್ತದೆ; ಹಳೇ ಗಾಯಕ್ಕೆ ತಾನು ತಲೆ ಕೊಡಬೇಕಾದ ಪ್ರಸಂಗವೂ ತಪ್ಪುತ್ತದೆ. ಆದರೆ ಏರಿಸಿದ ಮೇಲೆ ಆದದ್ದನ್ನು ಫೋಟೋ ಹೇಳದು, ಅದಕ್ಕೆ ಮತ್ತೆ ಬಿಚ್ಚಿ ಓದಬಲ್ಲ ಕಣ್ಣು ಬೇಕು. ಇಂದು ಕ್ಲೇಮಿಗೆ ಬಂದ ಟೈರನ್ನು ನೋಡಿ ತಪ್ಪು ಯಾರದೆಂದು ಬರೆಯುವವರು ಕಂಪನಿಯ ಕಡೆಯ ಎಂಜಿನಿಯರುಗಳೇ, ಅಂದರೆ ವ್ಯಾಜ್ಯದ ಒಂದು ಪಕ್ಷದವರು. ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ವಿದ್ಯೆ ಕಲಿಸುವವರಿಗೆ ಈ ಗುರುತುಗಳನ್ನು ಓದುವ ತರಬೇತಿ ಕೊಟ್ಟು, ಜಿಲ್ಲಾ ಗ್ರಾಹಕರ ಆಯೋಗಗಳು ಅವರ ವರದಿ ತರಿಸಿಕೊಳ್ಳುವಂತಾದರೆ ಗಿರಾಕಿಗೂ ಅಂಗಡಿಯವನಿಗೂ ಮೂರನೆಯವರ ಮಾತೊಂದು ಸಿಗುತ್ತದೆ.