ಮಕ್ಕಳಿಂದ ಮುಚ್ಚಿಡಬಾರದ ಇತಿಹಾಸ

ನಿಮ್ಮ ಮಕ್ಕಳ ಇತಿಹಾಸ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಅದರಲ್ಲಿ ಅರಸರಿದ್ದಾರೆ, ಕೋಟೆಗಳಿವೆ, ಯುದ್ಧಗಳಿವೆ. ಅದೇ ಅರಸರ ಕಾಲದಿಂದಲೂ ಊರಿನ ಹೊರಗೆ ಕಾಡುಬಳ್ಳಿಯ ಬುಟ್ಟಿ ಹೆಣೆದು, ಡೋಲು ಬಾರಿಸಿ ಬದುಕಿದವರಿಗೆ ಅದರಲ್ಲಿ ಎಷ್ಟು ಪುಟಗಳಿವೆ?

ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಜಿಲ್ಲೆಗಳಲ್ಲಿ ನೆಲೆಸಿರುವ ಕೊರಗರ ವಿಷಯವನ್ನೇ ತೆಗೆದುಕೊಳ್ಳೋಣ. ಅವರಿಗೆ ತಮ್ಮದೇ ಆದ ಭಾಷೆಯಿದೆ. ತಮ್ಮ ಪೂರ್ವಿಕರು ಹುಬಾಶಿಕನೆಂಬ ಅರಸನ ಕಾಲದಲ್ಲಿ ಈ ನಾಡನ್ನೇ ಆಳಿದ್ದರೆಂಬ ಐತಿಹ್ಯವೂ ಇದೆ. ಆದರೆ 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥವನ್ನು ಓದುವವರ ಮನಸ್ಸು ಕಲಕುತ್ತದೆ. ಕೊರಗರಲ್ಲೇ ಒಂದು ಪಂಗಡದವರು ಹಿಂದೆ ಕೊರಳಿಗೆ ಮಡಕೆ ಕಟ್ಟಿಕೊಂಡು ನಡೆಯಬೇಕಿತ್ತು. ಏಕೆಂದರೆ ಅವರ ಉಗುಳು ಕೂಡ ರಸ್ತೆಯ ಮಣ್ಣಿಗೆ ಬೀಳಬಾರದೆಂದು ಸಮಾಜ ವಿಧಿಸಿತ್ತು.

ಇದು ಎಂದೋ ಮುಗಿದ ಕಥೆಯೆಂದು ಸಮಾಧಾನಪಡುವಂತಿಲ್ಲ. 'ಅಜಲು' ಎಂಬ ಪದ್ಧತಿಯು ಬಹುಕಾಲ ಉಳಿದು ಬಂತು. ಉಳ್ಳವರ ಮನೆಯ ರೋಗ, ಅನಿಷ್ಟಗಳು ಕೊರಗರಿಗೆ ದಾಟಿಹೋಗಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣಿಸುತ್ತಿದ್ದರು. ಕಂಬಳ ಆರಂಭವಾಗುವ ಮುನ್ನ ಅವರನ್ನು ಕೋಣಗಳಂತೆ ಓಡಿಸುತ್ತಿದ್ದರು. ಕೂಲಿಯಿಲ್ಲದೆ ದುಡಿಸಿಕೊಳ್ಳುತ್ತಿದ್ದರು. ನಮ್ಮ ಸಂವಿಧಾನವು 1950ರಲ್ಲೇ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಆದರೂ ಈ ಆಚರಣೆಗಳನ್ನು ಹೆಸರಿಸಿ ನಿಷೇಧಿಸಲು ಕರ್ನಾಟಕವು 2000ನೇ ಇಸವಿಯಲ್ಲಿ ಪ್ರತ್ಯೇಕ ಕಾಯಿದೆಯನ್ನೇ ತರಬೇಕಾಯಿತು. ನಡುವಿನ ಐವತ್ತು ವರ್ಷಗಳಲ್ಲಿ ಶಾಲೆಗಳು ನಡೆದವು, ದೇವಾಲಯಗಳಲ್ಲಿ ಗಂಟೆ ಬಾರಿಸಿತು, ಸುಶಿಕ್ಷಿತರು ಹೆಚ್ಚಿದರು. ಕಂಡವರಲ್ಲಿ ಬಹುಮಂದಿ ಸುಮ್ಮನಿದ್ದರು.

ಇಂಥದನ್ನು ಎಳೆಯರಿಗೆ ಹೇಳಬೇಕೇ, ಹಳೆಯ ಗಾಯವನ್ನು ಕೆದಕುವುದೇಕೆ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಒಂದು ತರಗತಿಯನ್ನು ಊಹಿಸಿಕೊಳ್ಳಿ. ಶಿಕ್ಷಕರು ಈ ಪಾಠವನ್ನು ಆರಂಭಿಸುತ್ತಾರೆ. ನಾಲ್ಕನೆಯ ಬೆಂಚಿನಲ್ಲಿ ಕೊರಗ ಸಮುದಾಯದ ಬಾಲಕಿಯೊಬ್ಬಳು ಕುಳಿತಿದ್ದಾಳೆ. ಎಲ್ಲರ ಕಣ್ಣು ಅವಳತ್ತ ಹೊರಳಿದರೆ, ಆ ಪಾಠವೇ ಮತ್ತೊಂದು ಮಡಕೆಯಾಗಿ ಅವಳ ಕೊರಳಿಗೆ ಬೀಳುತ್ತದೆ. ಹಾಗೆಂದು ಮೌನವಾಗಿದ್ದರೂ ಅವಳಿಗೆ ನೆಮ್ಮದಿಯಿಲ್ಲ. ಅವಳ ಅಜ್ಜಿ ಉಂಡ ಅವಮಾನ ಅವಳಿಗೆ ಮನೆಯಲ್ಲೇ ತಿಳಿದಿದೆ. ತಿಳಿಯದಿರುವುದು ಪಕ್ಕದಲ್ಲಿ ಕುಳಿತ ನಮ್ಮ ಮಕ್ಕಳಿಗೆ.

ಆದುದರಿಂದ ಪ್ರಶ್ನೆಯ ದಿಕ್ಕು ಬದಲಾಗಬೇಕು. 'ಅವರು ಹೇಗಿದ್ದರು?' ಎಂದು ಕೇಳುವ ಬದಲು 'ಹೀಗೆ ಮಾಡಿದವರು ಯಾರು, ಏಕೆ ಮಾಡಿದರು?' ಎಂದು ಮಕ್ಕಳು ಕೇಳುವಂತಾಗಲಿ. ಆಗ ನಾಚಿಕೆ ಸಲ್ಲಬೇಕಾದಲ್ಲಿಗೆ ಸಲ್ಲುತ್ತದೆ. ಜೊತೆಗೆ ಹೋರಾಟವನ್ನೂ ಹೇಳಬೇಕು. 1993ರ ಆಗಸ್ಟ್ 18ರಂದು ಕೊರಗರು ಭೂಮಿಯ ಹಕ್ಕು ಕೇಳಿ ಮಂಗಳೂರಿನಲ್ಲಿ ಮೆರವಣಿಗೆ ನಡೆಸಿದರು. ಆ ದಿನವನ್ನು ಅವರು 'ಭೂಮಿ ಹಬ್ಬ'ವಾಗಿ ಆಚರಿಸುತ್ತ ಬಂದಿದ್ದಾರೆ. ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವವರೂ ಈ ಸಮುದಾಯದಿಂದ ಬಂದಿದ್ದಾರೆ. ನಾಲ್ಕನೆಯ ಬೆಂಚಿನ ಬಾಲಕಿ ತಲೆಯೆತ್ತಿ ಕೇಳಬಹುದಾದ ಇತಿಹಾಸವೂ ಇದೇ.

ಇನ್ನು ನಮ್ಮ ಮನೆಯ ಮಾತು. ಜಾತಿಯ ಪಿಡುಗು ಅನ್ಯರದೆಂದು ಕೈತೊಳೆದುಕೊಳ್ಳಲು ಕ್ರೈಸ್ತರಾದ ನಮಗೆ ಸಾಧ್ಯವಿಲ್ಲ. ದೀಕ್ಷಾಸ್ನಾನದ ನೀರು ತಲೆಯ ಮೇಲೆ ಬಿದ್ದ ಮೇಲೂ ಜಾತಿಯ ಹೆಸರು ಹಿಡಿದು ಸಂಬಂಧ ಹುಡುಕಿದವರು ನಾವು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ದಲಿತ ಸಬಲೀಕರಣದ ನೀತಿಯೊಂದನ್ನು ಹೊರತಂದಿತೆಂದರೆ, ರೋಗ ನಮ್ಮೊಳಗೂ ಇತ್ತೆಂದೇ ಅರ್ಥ. ಮಕ್ಕಳ ಮುಂದೆ ಇದನ್ನು ಒಪ್ಪಿಕೊಂಡರೆ ನಮ್ಮ ಗೌರವ ಕುಗ್ಗುವುದಿಲ್ಲ. ಪಾಪನಿವೇದನೆಯ ಅರ್ಥವನ್ನು ಅವರು ನಮ್ಮಿಂದಲೇ ಕಲಿಯುತ್ತಾರೆ.

ಒಂದು ಚಿಕ್ಕ ಕೆಲಸವನ್ನು ನಿಮ್ಮ ಮುಂದಿಡುತ್ತೇನೆ. ಈ ಭಾನುವಾರ ಊಟದ ಹೊತ್ತಿನಲ್ಲಿ ಮನೆಯ ಹಿರಿಯರನ್ನು ಕೇಳಿ: ನಿಮ್ಮ ಬಾಲ್ಯದಲ್ಲಿ ಅಂಗಳದಾಚೆಯೇ ನಿಲ್ಲುತ್ತಿದ್ದವರು ಯಾರು? ಅವರಿಗೆ ನೀರು ಹೇಗೆ ಕೊಡುತ್ತಿದ್ದಿರಿ? ಅವರ ಹೆಸರೇನು? ಉತ್ತರ ಬರಲು ತಡವಾಗಬಹುದು. ಮಕ್ಕಳು ಎದ್ದು ಹೋಗದಿರಲಿ.