ಕಾಲಿನ ಉಬ್ಬುನಾಳಗಳಿಗೆ ಶಾಖ ಚಿಕಿತ್ಸೆ: ಒಂದು ಚಾರಿತ್ರಿಕ ನೋಟ



ನಮ್ಮ ಸುತ್ತಮುತ್ತಲಿನ ಹಿರಿಯರ ಕಾಲುಗಳನ್ನು ಒಮ್ಮೆ ಗಮನಿಸಿ. ವರ್ಷಗಟ್ಟಲೆ ನಿಂತು ಪಾಠ ಹೇಳಿದ ಶಿಕ್ಷಕರು, ಬಸ್ಸಿನ ಕಂಡಕ್ಟರುಗಳು, ಹೋಟೆಲಿನ ಅಡುಗೆಯವರು, ಹಲವು ಹೆರಿಗೆ ಕಂಡ ತಾಯಂದಿರು - ಇವರಲ್ಲಿ ಅನೇಕರ ಮೀನಖಂಡದ ಮೇಲೆ ನೀಲಿಗಟ್ಟಿದ, ಹಗ್ಗದಂತೆ ಸುರುಳಿಯಾದ ಉಬ್ಬುಗಳು ಕಾಣಸಿಗುತ್ತವೆ. ಆಡುಮಾತಿನಲ್ಲಿ ‘ನರ ಉಬ್ಬಿದೆ’ ಎನ್ನುತ್ತೇವೆ. ವಾಸ್ತವದಲ್ಲಿ ಅವು ನರಗಳಲ್ಲ, ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಅಭಿಧಮನಿಗಳು. ವೈದ್ಯರು ಇದನ್ನು ವೆರಿಕೋಸ್ ವೇನ್ಸ್ ಎನ್ನುತ್ತಾರೆ. ಅರಬಿ ವೈದ್ಯಗ್ರಂಥಗಳಲ್ಲಿ ಇದರ ಹೆಸರು ‘ದವಾಲಿ’. ದ್ರಾಕ್ಷಿ ಬಳ್ಳಿಗಳಿಗೂ ಅದೇ ಪದ. ಉಬ್ಬಿದ ನಾಳವನ್ನು ಕಂಡವರಿಗೆ ಆ ಹೆಸರು ಎಷ್ಟು ಒಪ್ಪುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂದು ಈ ಕಾಯಿಲೆಗೆ ದೊಡ್ಡ ಗಾಯವಿಲ್ಲದೆ, ಸೂಜಿ ಚುಚ್ಚಿದಷ್ಟೇ ರಂಧ್ರದ ಮೂಲಕ ಶಾಖ ಕೊಟ್ಟು ನಾಳವನ್ನು ಮುಚ್ಚುವ ಚಿಕಿತ್ಸೆ ಇದೆ. ಇದು ತೀರಾ ಹೊಸದೆಂದು ನಾವು ಭಾವಿಸುತ್ತೇವೆ. ಆದರೆ ಶಾಖವೆಂಬ ಆಯುಧ ವೈದ್ಯರ ಕೈಯಲ್ಲಿ ಎರಡು ಸಾವಿರ ವರ್ಷಗಳಿಂದಲೂ ಇತ್ತು. ಹಾಗಾದರೆ ಇಷ್ಟು ಕಾಲ ಕೊರತೆಯಾಗಿದ್ದುದು ಯಾವುದು? ಈ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರ ಹುಡುಕೋಣ.

ಪ್ರಾಚೀನರ ಅನುಭವ

ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲಿ, ಕಾಲಿನ ಮೇಲೆ ಹಾವಿನಂತೆ ಸುತ್ತಿಕೊಂಡ ಉಬ್ಬುಗಳಿಗೆ ಕತ್ತಿ ಹಾಕಬಾರದೆಂಬ ಎಚ್ಚರಿಕೆ ಇದೆ. ರಕ್ತಸ್ರಾವದ ಭಯವೇ ಅದಕ್ಕೆ ಕಾರಣ. ಕ್ರಿ.ಶ. ಒಂದನೇ ಶತಮಾನದ ರೋಮನ್ ಲೇಖಕ ಸೆಲ್ಸಸ್, ಇಂಥ ನಾಳಗಳನ್ನು ಒಂದೋ ಕಾದ ಕಬ್ಬಿಣದಿಂದ ಸುಡಬೇಕು, ಇಲ್ಲವೇ ಕೊಯ್ದು ತೆಗೆಯಬೇಕು ಎಂದು ಬರೆದನು. ರೋಮಿನ ಸೇನಾಪತಿ ಮಾರಿಯಸ್ ತನ್ನ ಒಂದು ಕಾಲಿನ ಶಸ್ತ್ರಚಿಕಿತ್ಸೆಯನ್ನು ಕಟ್ಟಿಹಾಕಿಸಿಕೊಳ್ಳದೆಯೇ ಸಹಿಸಿದನಂತೆ. ವೈದ್ಯನು ಇನ್ನೊಂದು ಕಾಲಿಗೆ ಕೈ ಹಾಕಿದಾಗ, ಈ ನೋವಿಗೆ ತಕ್ಕ ಫಲ ಈ ಚಿಕಿತ್ಸೆಯಲ್ಲಿಲ್ಲ ಎಂದು ನಿರಾಕರಿಸಿದನೆಂದು ಪ್ಲುಟಾರ್ಕ್ ದಾಖಲಿಸಿದ್ದಾನೆ. ಅರಿವಳಿಕೆ ಇಲ್ಲದ ಆ ಕಾಲದಲ್ಲಿ ರೋಗಕ್ಕಿಂತ ಚಿಕಿತ್ಸೆಯೇ ಘೋರವಾಗಿತ್ತು.

ಅಝ್ಝಹ್ರಾವಿಯವರ ಕೊಡುಗೆ

ಸ್ಪೇನಿನ ಕೊರ್ಡೋವಾದ ಸಮೀಪದ ಮದೀನತುಝ್ಝಹ್ರಾದವರಾದ ಅಬುಲ್ ಖಾಸಿಮ್ ಅಝ್ಝಹ್ರಾವಿ (ಸುಮಾರು ಕ್ರಿ.ಶ. 936-1013) ಅವರ ಹೆಸರನ್ನು ನೀವು ಕೇಳಿರಬಹುದು. ಅವರ ‘ಕಿತಾಬುತ್ತಸ್ರೀಫ್’ 30 ಭಾಗಗಳ ವೈದ್ಯಕೀಯ ಕೋಶ. ಕೊನೆಯ ಭಾಗ ಪೂರ್ತಿಯಾಗಿ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಮೊದಲು ಬರುವುದೇ ಕಾಯಿಸಿದ ಕಬ್ಬಿಣದಿಂದ ಸುಡುವ ಚಿಕಿತ್ಸೆ. ಉಪಕರಣಗಳ ಚಿತ್ರಗಳನ್ನೂ ಅವರು ಕೊಟ್ಟಿದ್ದಾರೆ.

ಉಬ್ಬುನಾಳಗಳ ಕುರಿತು ಅವರು ಎರಡು ಕ್ರಮಗಳನ್ನು ಹೇಳುತ್ತಾರೆ. ನಾಳವನ್ನು ಸೀಳಿ ಕಪ್ಪುರಕ್ತ ಹೊರಬಿಡುವುದು ಒಂದು. ಕಾಲಿಗೆ ಪಟ್ಟಿ ಬಿಗಿದು, ಚರ್ಮವನ್ನು ಅಲ್ಲಲ್ಲಿ ಕೊಯ್ದು, ನಾಳವನ್ನು ಕೊಕ್ಕೆಯಿಂದ ಮೇಲೆತ್ತಿ ಪೂರ್ತಿಯಾಗಿ ಎಳೆದು ತೆಗೆಯುವುದು ಇನ್ನೊಂದು. 20ನೇ ಶತಮಾನದಲ್ಲಿ ಜಗತ್ತಿನಾದ್ಯಂತ ನಡೆದ ‘ಸ್ಟ್ರಿಪ್ಪಿಂಗ್’ ಶಸ್ತ್ರಚಿಕಿತ್ಸೆಯ ಹಿರಿಯ ರೂಪ ಇದೇ. 12ನೇ ಶತಮಾನದಲ್ಲಿ ಟೊಲೆಡೋ ನಗರದಲ್ಲಿ ಕ್ರೆಮೋನಾದ ಜೆರಾರ್ಡ್ ಈ ಭಾಗವನ್ನು ಲ್ಯಾಟಿನ್ ಭಾಷೆಗೆ ಅನುವಾದಿಸಿದ ಮೇಲೆ ಯುರೋಪಿನ ವೈದ್ಯರು ಶತಮಾನಗಳ ಕಾಲ ಅದನ್ನು ಓದಿದರು.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಒಂದು ಮಾತು ಗಮನಿಸಿ. ಇಂದಿನ ಲೇಸರ್ ಚಿಕಿತ್ಸೆಯನ್ನು ಅಝ್ಝಹ್ರಾವಿಯವರೇ ಕಂಡುಹಿಡಿದಿದ್ದರು ಎಂಬಂತೆ ಮಾತನಾಡುವುದು ಅವರಿಗೆ ಸಲ್ಲಿಸುವ ಗೌರವವಾಗದು. ಅವರು ತಮ್ಮ ಗ್ರಂಥದಲ್ಲಿ ಮತ್ತೆ ಮತ್ತೆ ಒತ್ತಿ ಹೇಳಿದ್ದು ಅಂಗರಚನೆಯ ಜ್ಞಾನ. ಅಜ್ಞಾನಿ ವೈದ್ಯನೊಬ್ಬ ಸ್ತ್ರೀಯೊಬ್ಬಳ ಕುತ್ತಿಗೆಯ ಗಡ್ಡೆಯನ್ನು ಕೊಯ್ಯುವಾಗ ರಕ್ತನಾಳಗಳನ್ನು ಕತ್ತರಿಸಿ, ಆಕೆ ರಕ್ತ ಸುರಿದು ಪ್ರಾಣಬಿಟ್ಟ ಘಟನೆಯನ್ನು ಅವರು ಎಚ್ಚರಿಕೆಯಾಗಿ ಬರೆದಿದ್ದಾರೆ. ಅವರ ನಿಜವಾದ ಪಾಠ ಇದು: ಉಪಕರಣ ಹಿಡಿಯುವ ಮೊದಲು ದೇಹವನ್ನು ಅರಿಯಬೇಕು. ಆದರೆ ನಾಳ ಉಬ್ಬುವುದೇಕೆ ಎಂಬುದು ಅವರ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ. ಕಪ್ಪು ಪಿತ್ತದ ರಕ್ತ ಕಾಲಿಗಿಳಿಯುವುದೇ ಕಾರಣವೆಂದು ಎಲ್ಲರೂ ನಂಬಿದ್ದರು.

ಕವಾಟಗಳ ರಹಸ್ಯ

ಆ ಅರಿವು ಹಂತಹಂತವಾಗಿ ಬಂತು. 13ನೇ ಶತಮಾನದಲ್ಲಿ ಇಬ್ನುನ್ನಫೀಸ್, ರಕ್ತವು ಹೃದಯದ ಬಲಭಾಗದಿಂದ ಶ್ವಾಸಕೋಶಗಳ ಮೂಲಕ ಎಡಭಾಗಕ್ಕೆ ಸಾಗುತ್ತದೆಂದು ವಿವರಿಸಿದರು. ಇಟಲಿಯ ಪಡುವಾದಲ್ಲಿ ಫ್ಯಾಬ್ರಿಸಿಯಸ್ 1603ರಲ್ಲಿ ಅಭಿಧಮನಿಗಳೊಳಗಿನ ಕವಾಟಗಳ ಬಗ್ಗೆ ಸಚಿತ್ರ ಕೃತಿ ಪ್ರಕಟಿಸಿದರು. ಅವರ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ರಕ್ತಪರಿಚಲನೆಯನ್ನು ಸಾಧಿಸಿ ತೋರಿಸಿದರು. ಕವಾಟಗಳು ರಕ್ತವನ್ನು ಮೇಲಕ್ಕೆ ಮಾತ್ರ ಬಿಡುತ್ತವೆ. ಅವು ಸಡಿಲವಾದರೆ ರಕ್ತ ಕೆಳಗೆ ಜಾರಿ ನಿಲ್ಲುತ್ತದೆ, ಒತ್ತಡದಿಂದ ನಾಳ ಹಿಗ್ಗುತ್ತದೆ. ಕಾಯಿಲೆಯ ಮೂಲ ಇಲ್ಲಿದೆ.

ಇದನ್ನು ಅರಿತ ಮೇಲೆ ಚಿಕಿತ್ಸೆಯ ದಿಕ್ಕೇ ಬದಲಾಯಿತು. ಜರ್ಮನಿಯ ಟ್ರೆಂಡೆಲೆನ್‌ಬರ್ಗ್ 1890ರ ಸುಮಾರಿಗೆ ತೊಡೆಯ ಭಾಗದಲ್ಲಿ ನಾಳವನ್ನು ಕಟ್ಟಿ, ರಕ್ತ ಹಿಂದಕ್ಕೆ ಜಾರುವುದನ್ನು ತಡೆದರು. ಅಮೆರಿಕದ ಕೆಲ್ಲರ್ (1905), ಮೇಯೋ (1906) ಮತ್ತು ಬ್ಯಾಬ್‌ಕಾಕ್ (1907) ನಾಳವನ್ನು ಎಳೆದು ತೆಗೆಯುವ ಸಾಧನಗಳನ್ನು ರೂಪಿಸಿದರು. ಸುಮಾರು ನೂರು ವರ್ಷ ಇದೇ ಮುಖ್ಯ ಚಿಕಿತ್ಸೆಯಾಯಿತು. ಆದರೆ ಆಸ್ಪತ್ರೆವಾಸ, ನೋವು, ವಾರಗಟ್ಟಲೆ ವಿಶ್ರಾಂತಿ ತಪ್ಪುತ್ತಿರಲಿಲ್ಲ. ದಿನಗೂಲಿ ಮಾಡುವವನಿಗೆ ಇದು ಸಣ್ಣ ಹೊರೆಯಲ್ಲ.

ಶಾಖ ಮರಳಿ ಬಂತು

1960ರ ದಶಕದಲ್ಲಿ ನಾಳದೊಳಗೆ ವಿದ್ಯುತ್ ಶಾಖ ಕೊಡುವ ಪ್ರಯತ್ನ ನಡೆಯಿತು. ಆದರೆ ಚರ್ಮ ಸುಡುವುದು, ನರಗಳಿಗೆ ಹಾನಿಯಾಗುವುದು ದೊಡ್ಡ ತೊಡಕಾಯಿತು. ಶಾಖವಿತ್ತು, ಅದನ್ನು ನಾಳದೊಳಗೇ ಹಿಡಿದಿಡುವ ಉಪಾಯವಿರಲಿಲ್ಲ.

ಮುಂದೆ ಎರಡು ವಿದ್ಯೆಗಳು ನೆರವಾದವು. ಅಲ್ಟ್ರಾಸೌಂಡ್ ಯಂತ್ರದಿಂದ ಚರ್ಮ ಕೊಯ್ಯದೆಯೇ ನಾಳವನ್ನೂ ಅದರಲ್ಲಿ ರಕ್ತ ಹರಿಯುವ ದಿಕ್ಕನ್ನೂ ನೋಡುವುದು ಸಾಧ್ಯವಾಯಿತು. ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ 1987ರಲ್ಲಿ ಕೊಬ್ಬು ತೆಗೆಯುವ ಚಿಕಿತ್ಸೆಗಾಗಿ ಪ್ರಕಟಿಸಿದ, ಅರಿವಳಿಕೆ ಬೆರೆಸಿದ ತೆಳು ದ್ರಾವಣ ತುಂಬುವ ವಿಧಾನ ಇಲ್ಲಿಗೂ ಒದಗಿತು. ನಾಳದ ಸುತ್ತ ತುಂಬಿದ ಈ ದ್ರಾವಣ ನೋವು ತಡೆಯುತ್ತದೆ, ನಾಳವನ್ನು ಅದುಮಿ ಶಾಖದ ತುದಿಗೆ ತಾಗಿಸುತ್ತದೆ, ಚರ್ಮ ಮತ್ತು ನರಗಳಿಗೆ ಬಿಸಿ ತಟ್ಟದಂತೆ ಕಾಯುತ್ತದೆ.

ರೇಡಿಯೋ ತರಂಗದ ಶಾಖ ಚಿಕಿತ್ಸೆಗೆ 1999ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದೇ ವರ್ಷ ನಾಳದೊಳಗಿನ ಲೇಸರ್ ಚಿಕಿತ್ಸೆಯ ಮೊದಲ ವರದಿ ಬರೆದವರು ಕಾರ್ಲೋಸ್ ಬೋನೆ. ಅವರೂ ಸ್ಪೇನ್ ದೇಶದವರೇ ಎಂಬುದು ಕುತೂಹಲಕರ. 2002ರಲ್ಲಿ ಲೇಸರ್‌ಗೂ ಅಮೆರಿಕದ ಅನುಮತಿ ಸಿಕ್ಕಿತು.

ಚಿಕಿತ್ಸೆ ನಡೆಯುವ ರೀತಿ ಹೀಗೆ: ಅಲ್ಟ್ರಾಸೌಂಡ್ ನೋಡುತ್ತಾ ಮೊಣಕಾಲಿನ ಆಸುಪಾಸಿನಲ್ಲಿ ಸೂಜಿ ಚುಚ್ಚಿ, ತೆಳು ಕೊಳವೆಯನ್ನು ತೊಡೆಸಂದಿನ ಸಮೀಪದವರೆಗೆ ಏರಿಸುತ್ತಾರೆ. ದ್ರಾವಣ ತುಂಬಿ, ಶಾಖ ಕೊಡುತ್ತಾ ಕೊಳವೆಯನ್ನು ಹಿಂದಕ್ಕೆಳೆಯುತ್ತಾರೆ. ಬಹುಬಳಕೆಯ ಒಂದು ರೇಡಿಯೋ ತರಂಗ ಸಾಧನದಲ್ಲಿ 7 ಸೆಂ.ಮೀ. ಉದ್ದದ ತುದಿ 120 ಡಿಗ್ರಿ ಸೆಲ್ಸಿಯಸ್‌ಗೆ ಕಾದು, ಪ್ರತಿ ಭಾಗಕ್ಕೂ 20 ಸೆಕೆಂಡು ಶಾಖ ಕೊಡುತ್ತದೆ. ನಾಳದ ಗೋಡೆ ಕುಗ್ಗಿ ಮುಚ್ಚಿಹೋಗುತ್ತದೆ. ಕಾಲಿನ ಬಹುಪಾಲು ರಕ್ತ ಆಳದ ನಾಳಗಳಲ್ಲೇ ಸಾಗುವುದರಿಂದ ಇದರಿಂದ ಪರಿಚಲನೆಗೆ ಅಡ್ಡಿಯಿಲ್ಲ. ಸಾಮಾನ್ಯವಾಗಿ ರೋಗಿ ಅದೇ ದಿನ ನಡೆದು ಮನೆಗೆ ಹೋಗುತ್ತಾನೆ. ಬ್ರಿಟನ್ನಿನ ‘ನೈಸ್’ ಸಂಸ್ಥೆ 2013ರಲ್ಲಿ ಸೂಕ್ತ ರೋಗಿಗಳಿಗೆ ಶಸ್ತ್ರಚಿಕಿತ್ಸೆಗಿಂತ ಮೊದಲು ಶಾಖ ಚಿಕಿತ್ಸೆಯನ್ನೇ ಸೂಚಿಸಿತು.

ಇದರಲ್ಲೂ ತೊಂದರೆಗಳಿಲ್ಲವೆಂದಲ್ಲ. ಕೆಲವರಿಗೆ ಚರ್ಮ ಕಂದುವುದು, ಮರಗಟ್ಟುವುದು, ಅಪರೂಪಕ್ಕೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಉಂಟು. ಎಲ್ಲರಿಗೂ ಇದು ಹೊಂದುವುದಿಲ್ಲ. ಪರೀಕ್ಷೆ ಮಾಡಿದ ತಜ್ಞವೈದ್ಯರೇ ನಿರ್ಧರಿಸಬೇಕು.

ನಾವು ಮಾಡಬೇಕಾದುದು

ಓದುಗರೇ, ಈ ಕಾಯಿಲೆಯನ್ನು ಮರೆಮಾಚುವವರೇ ಹೆಚ್ಚು. ಉಡುಪಿನ ಅಡಿಯಲ್ಲಿ ಅಡಗಿಸಿ, ವಯಸ್ಸಿನ ನೋವೆಂದು ತಾಯಂದಿರು ಸುಮ್ಮನಾಗುತ್ತಾರೆ. ಪಾದದ ಗಂಟಿನ ಬಳಿ ಚರ್ಮ ಕಪ್ಪಾಗಿ, ತುರಿಸಿ, ಕೊನೆಗೆ ಮಾಯದ ಹುಣ್ಣಾದ ಮೇಲೆ ಆಸ್ಪತ್ರೆಯ ನೆನಪಾಗುತ್ತದೆ. 2018ರಲ್ಲಿ ಬ್ರಿಟನ್ನಿನಲ್ಲಿ ಹುಣ್ಣಾದ 450 ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ಬಿಗಿಪಟ್ಟಿಯ ಜೊತೆಗೆ ನಾಳವನ್ನು ಬೇಗನೆ ಮುಚ್ಚಿದವರಲ್ಲಿ ಹುಣ್ಣು ಮಾಯಲು ತಗಲಿದ ಮಧ್ಯಮ ಅವಧಿ 56 ದಿನ, ತಡವಾದವರಲ್ಲಿ 82 ದಿನ. ವಿಳಂಬದ ಬೆಲೆ ಎಷ್ಟೆಂದು ಇದರಿಂದ ತಿಳಿಯಬಹುದು. ಆದ್ದರಿಂದ ಮನೆಯ ಹಿರಿಯರನ್ನು ಕೇಳಿ, ಕಾಲು ನೋಡಿ, ಅಗತ್ಯವಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಈ ಚಿಕಿತ್ಸೆಯ ಹಿಂದೆ ಈಜಿಪ್ಟಿನವರಿದ್ದಾರೆ, ರೋಮನರಿದ್ದಾರೆ, ಅರಬರು, ಇಟಲಿಯವರು, ಇಂಗ್ಲಿಷರು, ಜರ್ಮನರು, ಅಮೆರಿಕನ್ನರು ಇದ್ದಾರೆ. ಪ್ರತಿಯೊಬ್ಬರೂ ಹಿಂದಿನವರಿಂದ ಕಲಿತು, ಅವರಿಗೆ ತಿಳಿಯದಿದ್ದುದನ್ನು ಹುಡುಕಿದರು. ಅಝ್ಝಹ್ರಾವಿಯವರ ಹೆಸರನ್ನು ಅಭಿಮಾನದಿಂದ ಹೇಳುವ ವಿದ್ಯಾರ್ಥಿಗಳು ಆ ಕೆಲಸವನ್ನೂ ಮುಂದುವರಿಸಲಿ. ನಿಮ್ಮಲ್ಲಿ ಯಾರಾದರೂ ನಾಳೆ ಅಂಗರಚನೆಯ ಪುಸ್ತಕ ತೆರೆದು, ಇನ್ನೂ ಉತ್ತರ ಸಿಗದ ಒಂದು ಪ್ರಶ್ನೆಯ ಬೆನ್ನು ಹತ್ತಿದರೆ ಈ ಲೇಖನದ ಉದ್ದೇಶ ಸಾರ್ಥಕ.