ಆಂಬ್ಲಿಯೋಪಿಯಾದಲ್ಲಿ ದೃಷ್ಟಿನಿಗ್ರಹ

ಎರಡು ಕಣ್ಣುಗಳಿಂದ ಬರುವ ಚಿತ್ರಗಳು ಒಂದಕ್ಕೊಂದು ಹೊಂದದಿದ್ದಾಗ, ಅವುಗಳಲ್ಲಿ ಒಂದನ್ನು ಮಿದುಳು ಅರಿವಿಗೆ ಬಾರದಂತೆ ತಡೆಹಿಡಿಯುವುದೇ ದೃಷ್ಟಿನಿಗ್ರಹ. ಜನ ಸೋಮಾರಿ ಕಣ್ಣು ಎಂದು ಕರೆಯುವ ಆಂಬ್ಲಿಯೋಪಿಯಾದ ಮುಖ್ಯ ಲಕ್ಷಣಗಳಲ್ಲಿ ಇದೂ ಒಂದು. ನೂರು ಮಕ್ಕಳಲ್ಲಿ ಸುಮಾರು 1ರಿಂದ 3 ಮಂದಿಗೆ ಈ ತೊಂದರೆಯಿರುತ್ತದೆ. ಕಣ್ಣನ್ನು ಪರೀಕ್ಷಿಸಿದರೆ ರೆಟಿನಾದಲ್ಲಿ ಸಾಮಾನ್ಯವಾಗಿ ಯಾವ ದೋಷವೂ ಕಾಣುವುದಿಲ್ಲ. ಆದರೂ ಸರಿಯಾದ ಕನ್ನಡಕ ಹಾಕಿದ ಮೇಲೂ ಆ ಕಣ್ಣಿಗೆ ಸಣ್ಣ ಅಕ್ಷರಗಳು ದಕ್ಕುವುದಿಲ್ಲ.

ಮೆಳ್ಳೆಗಣ್ಣು, ಎರಡು ಕಣ್ಣುಗಳ ಪವರ್‌ನಲ್ಲಿ ದೊಡ್ಡ ಅಂತರ, ಹುಟ್ಟಿನಿಂದ ಬಂದ ಪೊರೆ ಇದಕ್ಕೆ ಸಾಮಾನ್ಯ ಕಾರಣಗಳು. ಮೆಳ್ಳೆಗಣ್ಣಿನ ಮಗುವಿಗೆ ಎಲ್ಲವೂ ಎರಡೆರಡಾಗಿ ಕಾಣಬೇಕಿತ್ತು. ಓರೆಯಾದ ಕಣ್ಣಿನ ಚಿತ್ರವನ್ನು ಕೈಬಿಟ್ಟು ಮಿದುಳು ಆ ಗೊಂದಲದಿಂದ ಪಾರಾಗುತ್ತದೆ. ಉಪಾಯವೇನೋ ಸರಿ, ಬೆಲೆ ಮಾತ್ರ ದುಬಾರಿ: ಆಳವನ್ನು ಗ್ರಹಿಸುವ ಶಕ್ತಿ ಕುಂದುತ್ತದೆ. ದೊಡ್ಡವರಾದ ಮೇಲೆ ಕಣ್ಣು ಓರೆಯಾದವರಿಗೆ ಈ ಉಪಾಯ ಒದಗುವುದು ಕಡಿಮೆ. ಅವರಿಗೆ ವಸ್ತುಗಳು ಎರಡಾಗಿಯೇ ಕಾಣುತ್ತವೆ.

ನಿಗ್ರಹವೆಂದರೆ ಸಂಕೇತ ದುರ್ಬಲವಾಗುವುದಷ್ಟೇ ಅಲ್ಲ. ತಲೆಯ ಹಿಂಭಾಗದಲ್ಲಿರುವ ಪ್ರಾಥಮಿಕ ದೃಷ್ಟಿ ತೊಗಟೆಯಲ್ಲಿ ಎರಡೂ ಕಣ್ಣುಗಳ ಮಾಹಿತಿ ಕೂಡುತ್ತದೆ. ಅಲ್ಲಿನ ತಡೆಯುವ ನರಕೋಶಗಳು ಗಾಬಾ ಎಂಬ ರಾಸಾಯನಿಕವನ್ನು ಸುರಿಸಿ ಇತರ ಕೋಶಗಳ ಪ್ರತಿಕ್ರಿಯೆಯನ್ನು ಅಡಗಿಸಬಲ್ಲವು. ಎಳೆತನದಲ್ಲಿ ಒಂದು ಕಣ್ಣು ಮುಚ್ಚಿಸಿಕೊಂಡಿದ್ದ ಬೆಕ್ಕುಗಳಿಗೆ ಗಾಬಾದ ಕೆಲಸವನ್ನು ನಿಲ್ಲಿಸುವ ಬೈಕುಕುಲಿನ್ ಕೊಟ್ಟಾಗ, ಕೆಲವು ಕೋಶಗಳು ಆ ಕಣ್ಣಿಗೆ ಮತ್ತೆ ಸ್ಪಂದಿಸಿದ್ದು 1976ರಲ್ಲಿ ಕಂಡುಬಂತು. ಎಂದರೆ ನರಸಂಪರ್ಕ ಪೂರ್ತಿ ಅಳಿದಿರಲಿಲ್ಲ, ಅದರ ಒಂದು ಪಾಲು ಅದುಮಿಹೋಗಿತ್ತು.

ಸಂಪರ್ಕ ನಿಜಕ್ಕೂ ಕುಗ್ಗುವುದೂ ಉಂಟು. 1960ರ ದಶಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಬೆಕ್ಕಿನ ಮರಿಗಳ ಒಂದು ರೆಪ್ಪೆಯನ್ನು ಹೊಲಿದು ನೋಡಿದಾಗ, ತೊಗಟೆಯ ಬಹುಪಾಲು ಕೋಶಗಳು ತೆರೆದ ಕಣ್ಣಿನ ಕಡೆಗೆ ವಾಲಿದ್ದವು. ಬೆಳೆದ ಬೆಕ್ಕುಗಳಲ್ಲಿ ಹಾಗಾಗಲಿಲ್ಲ. ದೃಷ್ಟಿವ್ಯವಸ್ಥೆಯ ಸಂಶೋಧನೆಗಾಗಿ ಇಬ್ಬರಿಗೂ 1981ರಲ್ಲಿ ನೊಬೆಲ್ ಬಂತು.

ನಿಗ್ರಹವಿದ್ದಲ್ಲೆಲ್ಲ ಮಂದದೃಷ್ಟಿ ಇರಲೇಬೇಕೆಂದಿಲ್ಲ. ಎರಡು ಕಣ್ಣುಗಳೂ ಸರದಿಯಂತೆ ಓರೆಯಾಗುವ ಮಕ್ಕಳಲ್ಲಿ ನಿಗ್ರಹವೂ ಸರದಿಯಂತೆ ಬದಲಾಗುತ್ತದೆ, ಹಾಗಾಗಿ ಎರಡೂ ಕಣ್ಣುಗಳ ನೋಟ ಚೆನ್ನಾಗಿಯೇ ಉಳಿಯಬಹುದು. ಒಂದೇ ಕಣ್ಣು ಸದಾ ಅದುಮಿಕೊಂಡಿದ್ದರೆ ಅಪಾಯ ಹೆಚ್ಚು. ಒಳ್ಳೆಯ ಕಣ್ಣನ್ನು ಮುಚ್ಚಿದೊಡನೆ ನಿಗ್ರಹ ಸಡಿಲವಾದರೂ ಮಂದವಾದ ನೋಟ ಹಾಗೆಯೇ ಇರುತ್ತದೆ.

ನಿಗ್ರಹವನ್ನು ಪತ್ತೆಹಚ್ಚಲು ವರ್ತ್ ನಾಲ್ಕು ದೀಪಗಳ ಪರೀಕ್ಷೆ ಬಳಕೆಯಲ್ಲಿದೆ. ಕೆಂಪು-ಹಸಿರು ಕನ್ನಡಕದ ಮೂಲಕ ನೋಡಿದವರು ಎರಡೇ ದೀಪ ಅಥವಾ ಮೂರೇ ದೀಪ ಕಂಡವೆಂದರೆ ಒಂದು ಕಣ್ಣು ನಿಗ್ರಹಕ್ಕೊಳಗಾಗಿದೆ ಎಂದು ತಿಳಿಯುತ್ತದೆ.

ಚಿಕಿತ್ಸೆಯಲ್ಲಿ ಮೊದಲು ಕನ್ನಡಕ, ಆಮೇಲೆ ಒಳ್ಳೆಯ ಕಣ್ಣಿಗೆ ದಿನದ ಕೆಲವು ಗಂಟೆ ಪಟ್ಟಿ ಅಥವಾ ಅಟ್ರೋಪಿನ್ ಹನಿ. ಏಳು-ಎಂಟು ವರ್ಷದೊಳಗೆ ಶುರುವಾದರೆ ಫಲ ಹೆಚ್ಚು. ಎರಡು ಕಣ್ಣುಗಳಿಗೂ ಬೇರೆ ಬೇರೆ ಚಿತ್ರ ತೋರಿಸಿ, ಒಳ್ಳೆಯ ಕಣ್ಣಿನದನ್ನು ಮಸುಕುಗೊಳಿಸಿ, ಎರಡನ್ನೂ ಒಟ್ಟಿಗೆ ದುಡಿಸುವ ಪದ್ಧತಿ ಇತ್ತೀಚಿನದು. ವಯಸ್ಕರಲ್ಲಿ ನಿಗ್ರಹವನ್ನು ಸಡಿಲಿಸುವ ಮುನ್ನ ತಜ್ಞರು ಎಚ್ಚರ ವಹಿಸುತ್ತಾರೆ: ತಡೆ ಹೋಗಿ ಎರಡು ಚಿತ್ರಗಳೂ ಕೂಡದಿದ್ದರೆ, ಬಿಡಿಸಲಾಗದ ಜೋಡಿನೋಟ ಉಳಿದುಬಿಡಬಹುದು.